ಓವರ್‌ಕ್ಲಾಕಿಂಗ್ ಎಂದರೇನು? ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಬೇಕಾ, ಬೇಡ್ವಾ?

ಬೆಂಗಳೂರು: ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಂ ಕಡೆಯವರು ಡೆಸ್ಕ್‌ಟಾಪ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದರೆ ಇಂದಿಗೂ ನೆನಪಾಗುವುದು ಎಸ್‌.ಪಿ. ರೋಡ್. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಅಲ್ಲಿ ಕೊಟೇಷನ್ ಬರೆಸುವಾಗ "ಓಸಿ ಮಾಡೋ ಬೋರ್ಡ್ ಹಾಕ್ಲಾ?" ಎಂಬ ಮಾತು ಕಿವಿಗೆ ಬೀಳುವುದುಂಟು. ಓಸಿ ಎಂದರೆ ಓವರ್‌ಕ್ಲಾಕಿಂಗ್. ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರ್ ಅಥವಾ ರ‍್ಯಾಮ್ ಓಡಿಸುವುದು, ಅಷ್ಟೇ. ಹೊಸ ಸಾಮಾನು ಏನೂ ಬೇಕಿಲ್ಲ, ಬಯಾಸ್‌ನಲ್ಲಿ ಒಂದೆರಡು ಅಂಕಿ ಬದಲಿಸಿದರೆ ಸಾಕು. ಪುಕ್ಕಟೆ ವೇಗ ಅಂತ ಅನ್ನಿಸುವುದು ಇದರಿಂದಲೇ.

ಗೇಮ್ ಆಡುವ ಹುಡುಗರ ಕಂಪ್ಯೂಟರಿನಲ್ಲಿ ಇದು ತಪ್ಪಿದರೆ ಮಷೀನ್ ರೀಸ್ಟಾರ್ಟ್ ಆಗುತ್ತದೆ, ಮತ್ತೆ ಆಟ ಶುರು ಮಾಡಬಹುದು. ಟ್ಯಾಲಿ, ಜಿಎಸ್‌ಟಿ ಲೆಕ್ಕ, ಡಿಟಿಪಿ ಫೈಲುಗಳಿರುವ ಅಂಗಡಿ ಕಂಪ್ಯೂಟರಿನ ಕತೆ ಬೇರೆ.

ವೇಗ ಹೆಚ್ಚೋದು ಹೇಗೆ?

ಈಗಿನ ಬಹುತೇಕ ಬೋರ್ಡುಗಳಲ್ಲಿ ಮೂಲ ಗಡಿಯಾರ 100 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. 42ರಿಂದ ಗುಣಿಸಿದರೆ 4.2 ಗಿಗಾಹರ್ಟ್ಸ್, 46 ಮಾಡಿದರೆ 4.6. ಈ ಗುಣಕವನ್ನು ಬದಲಿಸಲು ಕಂಪನಿ ಬಿಟ್ಟಿರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರ ಇರುವ ಪ್ರೊಸೆಸರ್, ಜೊತೆಗೆ 'ಝಡ್' ಸರಣಿಯ ಬೋರ್ಡ್ ಬೇಕು. ಎಎಂಡಿ ರೈಝೆನ್‌ನಲ್ಲಿ ಹೆಚ್ಚಿನ ಪ್ರೊಸೆಸರುಗಳು ಮುಕ್ತ, ಆದರೆ ಎ320, ಎ520ನಂಥ ಅಗ್ಗದ ಬೋರ್ಡ್ ಹಾಕಿದ್ದರೆ ಅಲ್ಲೂ ಬಾಗಿಲು ಮುಚ್ಚಿದೆ. ಸಾಮಾನ್ಯ ಐ3, ಐ5 ಹಾಕಿ ಎಚ್510, ಎಚ್610 ಬೋರ್ಡಿನಲ್ಲಿ ಕಟ್ಟಿಸಿದ ಅಂಗಡಿ ಕಂಪ್ಯೂಟರಿಗೆ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಪ್ರಶ್ನೆಯೇ ಬರುವುದಿಲ್ಲ. ಅಂಥ ಬೋರ್ಡಿಗೆ ಓಸಿ ಮಾಡಿಕೊಡ್ತೀವಿ ಎಂದು ಯಾರಾದರೂ ದುಡ್ಡು ಕೇಳಿದರೆ ಏನು ಬದಲಿಸುತ್ತೀರಿ ಎಂದು ಕೇಳುವುದೇ ಸರಿ.

ಈ ಆಸೆ ಹಳೆಯದು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರಿನ ಗುಣಕ 4.5ಕ್ಕೆ ಬಿಗಿಯಾಗಿತ್ತು. ಬೋರ್ಡಿನ ಗಡಿಯಾರವನ್ನು 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ಪು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು ವೇಗ! ಈಗ ಅಂಥ ಲಾಭ ಕನಸಿನ ಮಾತು. ಟರ್ಬೊ, ಬೂಸ್ಟ್ ಎಂಬ ಹೆಸರಿನಲ್ಲಿ ಕಂಪನಿಗಳೇ ಚಿಪ್ಪನ್ನು ಅದರ ಅಂಚಿನವರೆಗೆ ಓಡಿಸಿ ಮಾರುತ್ತಿವೆ. ಕೈಯಿಂದ ಹಿಂಡಿದರೆ ಸಿಗುವುದು ಶೇ 5ರಿಂದ 10 ಇರಬಹುದು. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದಲ್ಲಿ 60 ನಿಮಿಷದ ರೆಂಡರಿಂಗ್ 55 ನಿಮಿಷಕ್ಕೆ ಇಳಿಯಬಹುದು. ಬಿಲ್ ಹೊಡೆಯುವ ಕೆಲಸಕ್ಕೆ ಇದು ಲೆಕ್ಕಕ್ಕೇ ಸಿಗೋದಿಲ್ಲ.

ಬೆಲೆ ಕಟ್ಟುವುದು ಬಿಸಿಯಲ್ಲಿ

ವೇಗ ಹೆಚ್ಚಾದಂತೆ ಚಿಪ್ಪಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಲೆಕ್ಕ ಕೆಡುವುದು ಇಲ್ಲಿ. ವೇಗ ಏರಿದಷ್ಟೇ ವಿದ್ಯುತ್ ಬಳಕೆ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ಶೇ 10 ಹೆಚ್ಚಿಸಿ, ಅದಕ್ಕಾಗಿ ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಿದರು ಎಂದುಕೊಳ್ಳೋಣ. ಬಿಸಿ ಹೆಚ್ಚುವುದು ಶೇ 10 ಅಲ್ಲ, ಸುಮಾರು ಶೇ 39.

ಬೆಂಗಳೂರು ತಂಪು ಊರು ಎಂಬ ಹಳೆಯ ನಂಬಿಕೆ ಇಲ್ಲಿ ಕೈ ಹಿಡಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. ಅದರ ಮೇಲೆ ಪೇಟೆ ಅಂಗಡಿಗಳಲ್ಲಿ ಸಿಪಿಯು ಇರುವುದು ಎಲ್ಲಿ? ಗಲ್ಲಾ ಟೇಬಲ್ ಕೆಳಗೆ, ಗೋಡೆಗೆ ಒತ್ತಿಕೊಂಡು, ರಸ್ತೆ ಧೂಳು ಕುಡಿಯುತ್ತಾ. ಊದಿನಕಡ್ಡಿ ಹೊಗೆಯ ಪಾಲೂ ಸೇರಿರುತ್ತದೆ. ಸುಮಾರು 100 ಡಿಗ್ರಿ ತಲುಪಿದರೆ ಇಂಟೆಲ್ ಪ್ರೊಸೆಸರುಗಳು ತಮ್ಮನ್ನು ಉಳಿಸಿಕೊಳ್ಳಲು ತಾವೇ ವೇಗ ಇಳಿಸಿಕೊಳ್ಳುತ್ತವೆ. ಓವರ್‌ಕ್ಲಾಕ್ ಮಾಡಿಸಿ, ಬಿಸಿಯಾಗಿ, ಮೊದಲಿಗಿಂತ ನಿಧಾನ ಓಡುವ ಮಷೀನುಗಳು ಹೀಗೇ ಹುಟ್ಟುವುದು.

ವೋಲ್ಟೇಜ್ ಅತಿಯಾದರೆ ಚಿಪ್ಪು ಸವೆಯುತ್ತದೆ ಎಂಬುದು ಬರೀ ಹೆದರಿಕೆಯ ಮಾತಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕೆಲವು ಪದೇ ಪದೇ ಕ್ರ್ಯಾಶ್ ಆಗುತ್ತಿದ್ದವು. ಒಳಗಿನ ಮೈಕ್ರೊಕೋಡ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯಾಸ್ ಅಪ್‌ಡೇಟ್ ಮೂಲಕ ಸರಿಪಡಿಸಿತು. ಬಾಕ್ಸ್ ಪ್ಯಾಕ್ ಕೊಂಡವರಿಗೆ ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಈಗಾಗಲೇ ಸವೆದ ಚಿಪ್ಪು ಮಾತ್ರ ಅಪ್‌ಡೇಟಿನಿಂದ ವಾಪಸ್ ಸರಿಹೋಗದು. ಈ ತಲೆಮಾರಿನ ಐ7, ಐ9 ಇಟ್ಟುಕೊಂಡವರು ಓಸಿ ಯೋಚನೆ ಬಿಟ್ಟು ಮೊದಲು ಬಯಾಸ್ ಹೊಸದಾಗಿದೆಯೇ ನೋಡಿಸಬೇಕು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು, ಹಾಗಾಗಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕುವಂತಿಲ್ಲ.

ರ‍್ಯಾಮ್ ವಿಷಯ ಸ್ವಲ್ಪ ಬೇರೆ

ಅಂಗಡಿಯವರಿಗೆ ನಿಜಕ್ಕೂ ಎದುರಾಗುವ ಪ್ರಶ್ನೆ ರ‍್ಯಾಮ್‌ನದು. ಡಬ್ಬಿಯ ಮೇಲೆ 3600 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್ ತಂದು ಹಾಕಿದರೂ ಅದು 2400ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಮೋಸ ಅಂತ ಜಗಳಕ್ಕೆ ಹೋಗಬೇಕಿಲ್ಲ. ಡಬ್ಬಿಯ ಮೇಲಿನ ವೇಗ ಬೇಕೆಂದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಎಎಂಡಿಯ ಡಿಡಿಆರ್5 ಬೋರ್ಡುಗಳಲ್ಲಿ ಇದಕ್ಕೆ ಎಕ್ಸ್‌ಪೋ ಎಂದು ಹೆಸರು. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2, ಎಕ್ಸ್‌ಎಂಪಿ ಹಾಕಿದರೆ ಸಾಮಾನ್ಯವಾಗಿ 1.35. ಅಂದರೆ ಇದೂ ಓವರ್‌ಕ್ಲಾಕಿಂಗೇ, ತಯಾರಕರೇ ಅಳತೆ ಕೊಟ್ಟಿರುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಎಚ್410, ಎಚ್510 ಬೋರ್ಡುಗಳು 3600ಕ್ಕೆ ಬಿಡುವುದೇ ಇಲ್ಲ, ಅಲ್ಲಿ ದುಬಾರಿ ರ‍್ಯಾಮ್ ಹಾಕಿಸುವುದು ದಂಡ. ಈಗ ಎಷ್ಟರಲ್ಲಿ ಓಡುತ್ತಿದೆ ಎಂದು ತಿಳಿಯಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಅಡಿಯಲ್ಲಿ ಮೆಮೊರಿ ನೋಡಿದರೆ ಸಾಕು.

ಪ್ರೊಸೆಸರ್ ತಾಳದಿದ್ದರೆ ಸಾಮಾನ್ಯವಾಗಿ ಮಷೀನ್ ನಿಂತುಹೋಗುತ್ತದೆ, ಗೊತ್ತಾಗುತ್ತದೆ. ರ‍್ಯಾಮ್ ತಾಳದಿದ್ದರೆ ಎಷ್ಟೋ ಸಲ ಸದ್ದೇ ಇರುವುದಿಲ್ಲ. ಸಾವಿರಾರು ಕೋಟಿ ಬಿಟ್‌ಗಳಲ್ಲಿ ಒಂದು ತಿರುಗಿ ಬೀಳುತ್ತದೆ, ಮಷೀನ್ ಓಡುತ್ತಲೇ ಇರುತ್ತದೆ. ಒಂದು ಬಿಟ್ ಎಂದರೆ ಎಷ್ಟು ಮಹಾ? ಕಂಪ್ಯೂಟರಿನ ಸಂಕೇತದಲ್ಲಿ '1' ಮತ್ತು '9' ಅಕ್ಷರಗಳ ನಡುವೆ ಇರುವುದು ಒಂದೇ ಬಿಟ್ ಅಂತರ. ಪಠ್ಯದ ರೂಪದಲ್ಲಿರುವ 1,000 ರೂಪಾಯಿ 9,000 ಆಗಲು ಅಷ್ಟೇ ಸಾಕು. ಯೂನಿಕೋಡ್ ಕನ್ನಡದಲ್ಲಿ 'ಕ' ಮತ್ತು 'ಗ' ನಡುವೆಯೂ ಒಂದೇ ಬಿಟ್. 'ಕಂಡ' ಎಂಬುದು 'ಗಂಡ' ಆಗಿಬಿಟ್ಟರೆ ಪ್ರಿಂಟಿಂಗ್ ಪ್ರೆಸ್ಸಿನವರು ಡಿಟಿಪಿ ಹುಡುಗನನ್ನು ಬೈಯುತ್ತಾರೆಯೇ ಹೊರತು ರ‍್ಯಾಮ್ ಮೇಲೆ ಅನುಮಾನ ಪಡುವುದಿಲ್ಲ. ಟ್ಯಾಲಿಯ ಡೇಟಾ ಫೈಲಿನೊಳಗೆ ಇದೇ ಆದರೆ ಕಂಪನಿ ತೆರೆಯದೇ ಹೋಗಬಹುದು. ಇನ್ನೂ ಕೆಟ್ಟದ್ದೆಂದರೆ, ತೆರೆದು ತಪ್ಪು ತೋರಿಸಬಹುದು. ಕೆಟ್ಟ ಫೈಲೇ ಪೆನ್‌ಡ್ರೈವಿಗೆ ಬ್ಯಾಕಪ್ ಆಗಿ, ಹಳೆಯ ಒಳ್ಳೆಯ ಪ್ರತಿಯ ಮೇಲೆ ಕೂತಿರುತ್ತದೆ.

ಆದ್ದರಿಂದ ಲೆಕ್ಕದ ಕಂಪ್ಯೂಟರಿನಲ್ಲಿ ಎಕ್ಸ್‌ಎಂಪಿ ಹಾಕಲೇಬೇಕು ಎನ್ನುವವರು ಪರೀಕ್ಷೆ ಮಾಡದೆ ಕೆಲಸಕ್ಕೆ ಇಳಿಸಬಾರದು. ಮೊದಲು ಡೇಟಾವನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಅದನ್ನು ಕಳಚಿ ಇಡಬೇಕು. ಆಮೇಲೆ ಮೆಮ್‌ಟೆಸ್ಟ್86 ಎಂಬ ಉಚಿತ ಸಾಧನವನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಂಗಡಿ ಬಾಗಿಲು ಹಾಕಿದ ಮೇಲೆ ರಾತ್ರಿಯಿಡೀ ಓಡಲು ಬಿಡುವುದು. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಎಕ್ಸ್‌ಎಂಪಿ ಆಫ್. "ಒಂದೇ ತಾನೇ" ಅನ್ನುವ ಹಾಗಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಹಾಕುವವರು ಆ ವಾರಗಳಲ್ಲಿ ಈ ಪ್ರಯೋಗಕ್ಕೆ ಹೋಗದಿರುವುದೇ ಕ್ಷೇಮ. ಹಳೆಯ ರ‍್ಯಾಮ್ ಜೊತೆ ಬೇರೆ ಕಂಪನಿಯದನ್ನು ಸೇರಿಸಿದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಎಕ್ಸ್‌ಎಂಪಿ ಹಾಕಿದರೆ ತಕರಾರು ಮಾಡುವ ಸಾಧ್ಯತೆಯೂ ಹೆಚ್ಚು.

ಸೆಟ್ಟಿಂಗ್ ಬದಲಿಸಿದ ಮೇಲೆ ಪರದೆ ಕಪ್ಪಾಗಿ ನಿಂತರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ರೂಪಾಯಿ ಬಿಲ್ಲೆಯಂಥ ಬ್ಯಾಟರಿಯನ್ನು ಕೆಲ ನಿಮಿಷ ತೆಗೆದು ಹಾಕಿದರೆ ಬಹುಪಾಲು ಬೋರ್ಡುಗಳು ಮೂಲ ಸ್ಥಿತಿಗೆ ಮರಳುತ್ತವೆ.

ವೇಗ ಬೇಕೇ ಬೇಕು ಅಂದ್ರೆ

ಟ್ಯಾಲಿ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಪ್ರೊಸೆಸರನ್ನಲ್ಲ, ಇನ್ನೂ ತಿರುಗುತ್ತಿರುವ ಹಳೆಯ ಹಾರ್ಡ್ ಡಿಸ್ಕನ್ನು. ಎಸ್‌ಎಸ್‌ಡಿ ಹಾಕಿದ ದಿನವೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದೇ ರ‍್ಯಾಮ್ ಕಡ್ಡಿ ಇರುವಲ್ಲಿ ಅದೇ ಮಾದರಿಯ ಇನ್ನೊಂದನ್ನು ಸರಿಯಾದ ಸ್ಲಾಟಿಗೆ ಸೇರಿಸಿದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ವೋಲ್ಟೇಜ್ ಮುಟ್ಟುವ ಗೊಡವೆಯೇ ಇಲ್ಲ. ಫ್ಯಾನಿನ ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಬಿಸಿಗೆ ಸೋತು ಕುಂಟುತ್ತಿದ್ದ ಪ್ರೊಸೆಸರ್ ತನ್ನ ಹುಟ್ಟು ವೇಗಕ್ಕೆ ಮರಳುತ್ತದೆ.

ಮನೆಯಲ್ಲಿ ಮಗನ ಗೇಮಿಂಗ್ ಮಷೀನ್ ಇದ್ದು, ಅವನು ಕಲಿಯಬೇಕೆಂದರೆ ತಡೆಯುವುದೇಕೆ? ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಎಚ್‌ಡಬ್ಲ್ಯೂಇನ್ಫೊದಲ್ಲಿ ಬಿಸಿ ನೋಡುತ್ತಾ, ಪ್ರೈಮ್95 ಓಡಿಸಿ ಪರೀಕ್ಷಿಸಬೇಕು. ವೋಲ್ಟೇಜ್ ಮುಟ್ಟುವುದು ಕೊನೆಗೆ, ಅದೂ ಚೂರುಚೂರೇ. ವಾರಂಟಿಗೆ ಇದರಿಂದ ಕುತ್ತು ಬರಬಹುದು ಎಂಬುದು ಮನೆಯ ಹಿರಿಯರಿಗೂ ಗೊತ್ತಿರಲಿ. ಆ ಮಷೀನಿನಲ್ಲೇ ಅಪ್ಪನ ಅಂಗಡಿ ಲೆಕ್ಕವೂ ಇದೆಯೆಂದರೆ ಮೊದಲು ಲೆಕ್ಕವನ್ನು ಬೇರೆ ಕಡೆ ಸಾಗಿಸಬೇಕು.

ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವವರಿಗೂ ಒಂದು ಮಾತು. ವರ್ಷಗಟ್ಟಲೆ ಅತಿ ವೋಲ್ಟೇಜಿನಲ್ಲಿ ಓಡಿದ ಚಿಪ್ಪು ನೋಡಲು ಹೊಸದರಂತೆಯೇ ಇರುತ್ತದೆ. ಹೆಸರಿನಲ್ಲಿ 'ಕೆ' ಇದ್ದರೆ ಅಂಗಡಿಯಲ್ಲೇ ಬಯಾಸನ್ನು ಮೂಲ ಸ್ಥಿತಿಗೆ ತರಿಸಿ, ಅರ್ಧ ಗಂಟೆ ಪ್ರೈಮ್95 ಓಡಿಸಿ ತೋರಿಸುವಂತೆ ಕೇಳಬೇಕು. ಒಪ್ಪದಿದ್ದರೆ ಪಕ್ಕದ ಅಂಗಡಿ ಇದ್ದೇ ಇದೆ.