ಬಿಂಬಗಳ ಸರಾಸರಿ

ಒಂದೇ ವಸ್ತುವನ್ನು ಹಲವು ಸಲ ಅಳೆದಾಗ ಅಳತೆಗಳು ಒಂದಕ್ಕೊಂದು ಹೊಂದದೆ ಹೋದರೆ ಯಾವುದನ್ನು ನಂಬತಕ್ಕದ್ದು? ಈ ಪ್ರಶ್ನೆಯು ಬಹು ಪ್ರಾಚೀನವಾದುದು. ವೀಡಿಯೋ ಚಿತ್ರದ ನೂರಾರು ಫ್ರೇಮುಗಳನ್ನು ಗಣಕಯಂತ್ರವು ಕೂಡಿಸಿ, ಭಾಗಿಸಿ, ಮಸುಕಾದ ನೋಟವನ್ನು ತಿಳಿಗೊಳಿಸುವಾಗ ಉತ್ತರ ಹೇಳುತ್ತಿರುವುದೂ ಈ ಪ್ರಶ್ನೆಗೇ.

ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ಲೀಲಾವತಿಯ ಖಾತವ್ಯವಹಾರದಲ್ಲಿ ಒಂದು ಗುಂಡಿಯ ಲೆಕ್ಕವುಂಟು. ಅದರ ಬದಿಗಳು ಓರೆಯಾಗಿರುವುದರಿಂದ ಉದ್ದವು ಮೂರು ಎಡೆಗಳಲ್ಲಿ ೧೦, ೧೧, ೧೨ ಮೊಳಗಳು. ಅಗಲವು ೫, ೬, ೭. ಆಳವು ೨, ೩, ೪. ಅಳತೆಗಳನ್ನು ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಕ್ರಮವಾಗಿ ೧೧, ೬, ೩ ಬರುವುವು, ಘನಫಲವು ೧೯೮. ಇದಕ್ಕೆ ೧೫೪೫ರಲ್ಲಿ ಬುದ್ಧಿವಿಲಾಸಿನೀ ಎಂಬ ವ್ಯಾಖ್ಯಾನವನ್ನು ಬರೆದ ಗಣೇಶದೈವಜ್ಞನು, ಹೆಚ್ಚು ಸ್ಥಾನಗಳಲ್ಲಿ ಅಳೆದಷ್ಟೂ ಫಲವು ಸೂಕ್ಷ್ಮವಾಗುವುದೆಂದು ಸೂಚಿಸಿರುವನು. ಆದರೆ ಇಲ್ಲಿ ವ್ಯತ್ಯಾಸವು ಅಳೆಯುವವನ ದೋಷವಲ್ಲ, ಗುಂಡಿಯ ಸ್ವರೂಪವೇ ಹಾಗೆ. ಹನ್ನೊಂದು ಮೊಳವೆಂಬುದು ಮಣ್ಣಿನ ಲೆಕ್ಕಕ್ಕೆ ಸಾಧನವೇ ಹೊರತು ಗುಂಡಿಯ ವರ್ಣನೆಯಲ್ಲ.

ಅಳೆಯುವವನ ದೋಷವನ್ನು ಕುರಿತ ವಿಚಾರವು ಯೂರೋಪಿನ ಜ್ಯೋತಿರ್ವಿದರಲ್ಲಿ ಬೆಳೆಯಿತು. ಎಚ್ಚರದಿಂದ ಮಾಡಿದ ಒಂದು ವೀಕ್ಷಣೆಯು ಹಲವುಗಳ ಸರಾಸರಿಗೆ ಸಮವೆನ್ನುವವರು ಆಗ ಇದ್ದರು. ೧೭೫೫ರಲ್ಲಿ ಥಾಮಸ್ ಸಿಂಪ್ಸನ್ನನು ಗಣಿತದಿಂದ ಅವರನ್ನು ಖಂಡಿಸಿ ಸರಾಸರಿಯ ಮೇಲ್ಮೆಯನ್ನು ತೋರಿಸಿದನು. ಥಾಮಸ್ ಬೇಯ್ಸನು ಇದಕ್ಕೆ ಒಂದು ಆಕ್ಷೇಪವನ್ನೆತ್ತಿದನು: ಯಂತ್ರವೇ ಒಂದು ಕಡೆಗೆ ವಾಲಿದ್ದರೆ ಎಷ್ಟು ಸಲ ನೋಡಿದರೇನು? ಈ ಆಕ್ಷೇಪವು ಇಂದಿಗೂ ಸಲ್ಲುವುದು.

ಬಿಂಬಗಳಲ್ಲಿ ಸರಾಸರಿಯ ಗುಣವು ಮೊದಲು ತೋರಿದುದು ಯಾರೂ ಉದ್ದೇಶಿಸದೆಯೇ. ೧೮೩೮ರಲ್ಲಿ ಡಾಗೇರನು ಪ್ಯಾರಿಸಿನ ಬೀದಿಯೊಂದರ ಚಿತ್ರವನ್ನು ಹಿಡಿದಾಗ ಫಲಕವು ಹಲವು ನಿಮಿಷ ಬೆಳಕಿಗೆ ತೆರೆದಿರಬೇಕಾಯಿತು. ಗಾಡಿಗಳೂ ಜನರೂ ಅಳಿಸಿಹೋಗಿ, ಪಾದರಕ್ಷೆಗೆ ಹೊಳಪು ಹಾಕಿಸಿಕೊಳ್ಳುತ್ತ ನಿಂತಿದ್ದವನ ಆಕೃತಿಯು ಉಳಿಯಿತು. ಅಂದರೆ ನಿಂತದ್ದು ಉಳಿಯುವುದು, ಚಲಿಸಿದ್ದು ಅಳಿಯುವುದು.

ಇದನ್ನು ಉದ್ದೇಶಪೂರ್ವಕವಾಗಿ ಪ್ರಯೋಗಿಸಿದವನು ಫ್ರಾನ್ಸಿಸ್ ಗಾಲ್ಟನ್. ಅಪರಾಧಿಗಳ ಮುಖಲಕ್ಷಣವನ್ನು ಕಂಡುಹಿಡಿಯುವೆನೆಂದು ೧೮೭೭ರ ಸುಮಾರಿಗೆ ಆತನು ಅನೇಕ ಖೈದಿಗಳ ಭಾವಚಿತ್ರಗಳನ್ನು ಒಂದೇ ಫಲಕದ ಮೇಲೆ, ಪ್ರತಿಯೊಂದಕ್ಕೂ ಕಾಲವನ್ನು ಸಮನಾಗಿ ಹಂಚಿ ಮೂಡಿಸಿದನು. ಫಲವು ವಿಪರೀತವಾಯಿತು. ಒಬ್ಬೊಬ್ಬನಲ್ಲಿ ಕಂಡ ಕ್ರೌರ್ಯದ ಗುರುತುಗಳು ಮಾಯವಾಗಿ ಸಾಮಾನ್ಯ ಮನುಷ್ಯತ್ವವೇ ಎದ್ದುಕಂಡಿತೆಂದು ಆತನೇ ಒಪ್ಪಿಕೊಂಡನು. ಆ ಮುಖವುಳ್ಳ ಮನುಷ್ಯನು ಯಾವ ಸೆರೆಮನೆಯಲ್ಲಿಯೂ ಇರಲಿಲ್ಲ.

ಗಣಕಯಂತ್ರದ ಕಾಲದಲ್ಲಿ ಈ ಕ್ರಮವು ಶುದ್ಧ ಗಣಿತವಾಯಿತು. ಚಿತ್ರದ ಪ್ರತಿಯೊಂದು ಬಿಂದುವೂ ಬೆಳಕಿನ ಅಳತೆಯನ್ನು ಸೂಚಿಸುವ ಒಂದು ಸಂಖ್ಯೆ. ಮಂದ ಬೆಳಕಿನಲ್ಲಿ ತೆಗೆದ ವೀಡಿಯೋದಲ್ಲಿ ಮರಳು ಎರಚಿದಂತೆ ಕಾಣುವ ಚುಕ್ಕೆಗಳು ಫ್ರೇಮಿನಿಂದ ಫ್ರೇಮಿಗೆ ಬದಲಾಗುವುವು. ವಸ್ತುವಿನ ಬೆಳಕು ಬದಲಾಗದು. ನೂರು ಫ್ರೇಮುಗಳನ್ನು ಕೂಡಿಸಿದರೆ ವಸ್ತುವಿನ ಬೆಳಕು ನೂರ್ಮಡಿಯಾಗುವುದು, ಚುಕ್ಕೆಗಳಾದರೋ ಒಂದನ್ನೊಂದು ಕಳೆದುಕೊಂಡು ಹತ್ತು ಮಡಿ ಮಾತ್ರ ಬೆಳೆಯುವುವು. ನೂರರಿಂದ ಭಾಗಿಸಿದಾಗ ದೋಷವು ಹತ್ತರಲ್ಲೊಂದು ಪಾಲಿಗೆ ಇಳಿಯುವುದು. ನಾಲ್ಕು ಫ್ರೇಮುಗಳಿಗೆ ಅರ್ಧ. ಇದು ವರ್ಗಮೂಲದ ನಿಯಮ. ಆದರೆ ಫ್ರೇಮುಗಳನ್ನು ಮೊದಲು ಒಂದರ ಮೇಲೊಂದು ಸರಿಯಾಗಿ ಹೊಂದಿಸಬೇಕು. ಕ್ಯಾಮರಾದಲ್ಲಿಯೇ ಕೆಟ್ಟ ಬಿಂದುವೊಂದಿದ್ದರೆ ಅದು ಪ್ರತಿ ಫ್ರೇಮಿನಲ್ಲಿಯೂ ಇರುವುದರಿಂದ ಎಷ್ಟು ಕೂಡಿಸಿದರೂ ಹೋಗದು. ಬೇಯ್ಸನ ಆಕ್ಷೇಪವು ಇದೇ.

ಕ್ರಮದ ಮಹಿಮೆಯು ೧೯೯೫ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ರಾಬರ್ಟ್ ವಿಲಿಯಮ್ಸ್‌ರ ನಿರ್ಧಾರದಂತೆ ಹಬಲ್ ದೂರದರ್ಶಕವು ಸಪ್ತರ್ಷಿಮಂಡಲದ ಬಳಿ, ಬರಿದೆಂದು ತೋರುತ್ತಿದ್ದ ಆಕಾಶದ ಒಂದು ತುಣುಕನ್ನು ಹತ್ತು ದಿನ ದಿಟ್ಟಿಸಿತು. ೩೪೨ ಚಿತ್ರಗಳನ್ನು ಜೋಡಿಸಿದಾಗ ಸುಮಾರು ೩,೦೦೦ ಗೆಲಾಕ್ಸಿಗಳು ಕಾಣಿಸಿಕೊಂಡುವು. ಆದರೆ ಅಲ್ಲಿ ಎಲ್ಲವನ್ನೂ ಕಣ್ಣುಮುಚ್ಚಿ ಕೂಡಿಸಲಿಲ್ಲ. ವಿಶ್ವಕಿರಣಗಳು ತಾಗಿ ಒಂದೊಂದು ಚಿತ್ರದಲ್ಲಿ ಮಾತ್ರ ಮೂಡಿದ ಹೊಳಪುಗಳನ್ನು, ಉಳಿದ ಚಿತ್ರಗಳೊಡನೆ ಹೋಲಿಸಿ ತೆಗೆದುಹಾಕಲಾಯಿತು.

ಆ ಆಕಾಶದ ತುಣುಕಿನಲ್ಲಿ ಬದಲಾದುದು ದೋಷವಾಗಿತ್ತು. ಆದುದರಿಂದ ಸತ್ಯವು ಉಳಿಯಿತು. ಗಾಲ್ಟನ್ನನ ಫಲಕದಲ್ಲಿ ಬದಲಾದುದೇ ಒಬ್ಬೊಬ್ಬ ಮನುಷ್ಯನ ನಿಜವಾದ ಮುಖವಾಗಿತ್ತು; ಆದುದರಿಂದ ಅದು ಅಳಿಯಿತು. ಯಂತ್ರಕ್ಕೆ ಇವೆರಡರ ಭೇದವು ತಿಳಿಯದು. ಅದು ಕೂಡಿಸಬಲ್ಲದು, ಭಾಗಿಸಬಲ್ಲದು. ಯಾವ ವ್ಯತ್ಯಾಸವು ಕಸ, ಯಾವುದು ಕಾಳು ಎಂಬ ವಿವೇಕವನ್ನು ಕೂಡಿಸಲು ಹೊರಟವನು ಮೊದಲೇ ಹೊಂದಿರಬೇಕಾಗುವುದು.