ಅಂಗಡಿಯೊಳಗೊಂದು ಒಲೆ: ಉಗ್ಗಾಣಿಯಿಂದ ಟಾಕೊವರೆಗೆ

ದಿನಸಿ ಮಾರುವ ಅಂಗಡಿಯ ಮೂಲೆಯಲ್ಲೇ ಒಲೆ ಹೂಡಿ, ಮಾರಾಟದ ಸರಕಿನಿಂದಲೇ ತಿಂಡಿ ಮಾಡಿ ಕೊಡುವ ಪದ್ಧತಿ ಜಗತ್ತಿನ ಹಲವೆಡೆ ಇದೆ. ಅಮೆರಿಕದ ಊರುಗಳಲ್ಲಿ ಮೆಕ್ಸಿಕನ್ ದಿನಸಿ ಅಂಗಡಿಗಳ ಹಿಂಬದಿಗಿರುವ ಟಾಕೊ ಹೋಟೆಲು ಇದಕ್ಕೊಂದು ಮಾದರಿ. ಆಂಧ್ರದ ಗಡಿಯಲ್ಲಿ ಗೋರಂಟ್ಲ, ಹಿಂದೂಪುರ, ಮಡಕಶಿರಾ ಕಡೆಯ ಚಿಲ್ಲರೆ ಅಂಗಡಿ ಮುಂದೆ ಕಾಯುವ ಬಜ್ಜಿ ಬಾಣಲೆ ಇನ್ನೊಂದು. ಎರಡರ ವ್ಯಾಪಾರದ ಲೆಕ್ಕವೂ ಹೆಚ್ಚುಕಡಿಮೆ ಒಂದೇ.

ಗೋರಂಟ್ಲದ ಸೀಮೆ

ಗೋರಂಟ್ಲ ಚಿತ್ರಾವತಿ ನದಿಯ ದಂಡೆಯ ಊರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಚಿತ್ರಾವತಿ ಬಾಗೇಪಲ್ಲಿ ದಾಟಿ ಇಲ್ಲಿಗೆ ಬಂದು, ಪುಟ್ಟಪರ್ತಿಯ ಮೇಲೆ ಹಾದು ಪೆನ್ನೆ ನದಿಯನ್ನು ಸೇರುತ್ತದೆ. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಯಾದಾಗ ಗೋರಂಟ್ಲ, ಹಿಂದೂಪುರ, ಮಡಕಶಿರಾ ಹೊಸ ಜಿಲ್ಲೆಗೆ ಸೇರಿದವು. ರೊಳ್ಳ, ಅಗಳಿ, ಅಮರಾಪುರ ಮಂಡಲಗಳಲ್ಲಿ ಕನ್ನಡ ಮನೆಮಾತಾಗಿರುವ ಊರುಗಳು ಬಹಳ. ಅಂಗಡಿ ಕಟ್ಟೆಯ ಮೇಲೆ ಕನ್ನಡ, ತೆಲುಗು ಎರಡರಲ್ಲೂ ವ್ಯಾಪಾರ ನಡೆಯುತ್ತದೆ.

ಇದು ಮಳೆ ಕಡಿಮೆ ಬೀಳುವ ಸೀಮೆ. ಹೊಲದಲ್ಲಿ ಕಡಲೆಕಾಯಿ, ಮನೆಯಲ್ಲಿ ರಾಗಿ ಸಂಗಟಿ. ಹಿಂದೂಪುರದ ಕೃಷಿ ಮಾರುಕಟ್ಟೆ ಹುಣಸೆಹಣ್ಣು ಮತ್ತು ಒಣಮೆಣಸಿನಕಾಯಿಗೆ ಹೆಸರಾದದ್ದು. ಇಲ್ಲಿನ ಅಂಗಡಿ ತಿಂಡಿಯ ರುಚಿ ಈ ಸರಕುಗಳಿಂದಲೇ ಬಂದದ್ದು.

ಉಗ್ಗಾಣಿ–ಬಜ್ಜಿ

ಈ ಊರುಗಳಿರುವ ರಾಯಲಸೀಮೆಯ ಬೆಳಗಿನ ತಿಂಡಿಗಳಲ್ಲಿ ಮುಖ್ಯವಾದದ್ದು ಮಂಡಕ್ಕಿಯ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಗಡಿಯ ಈಚೆ ಬಳ್ಳಾರಿ, ರಾಯಚೂರಿನಲ್ಲಿ ಇದೇ ಜೋಡಿಗೆ ಒಗ್ಗರಣೆ–ಮಿರ್ಚಿ ಎನ್ನುತ್ತಾರೆ. ಉಗ್ಗಾಣಿಗೆ ಧಾರವಾಡದ ಕಡೆ ಸುಸಲಾ, ಚಿತ್ರದುರ್ಗ–ದಾವಣಗೆರೆಯಲ್ಲಿ ಮಂಡಕ್ಕಿ ಉಸಲಿ.

ಮಾಡುವುದು ನಿಮಿಷಗಳ ಕೆಲಸ. ಮಂಡಕ್ಕಿಯನ್ನು ನೀರಿಗೆ ಹಾಕಿ, ಮೆತ್ತಗಾಗುತ್ತಿದ್ದಂತೆ ಹಿಂಡಿ ತೆಗೆಯಬೇಕು. ಹೆಚ್ಚು ನೆನೆದರೆ ಮುದ್ದೆಯಾಗುತ್ತದೆ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಟೊಮೆಟೊ ಬಾಡಿಸಿ, ಅರಿಶಿನ ಉದುರಿಸಿ, ಹಿಂಡಿದ ಮಂಡಕ್ಕಿಯನ್ನು ಕಲಸುತ್ತಾರೆ. ಕೊನೆಗೆ ಬೀಳುವುದು ಹುರಿಗಡಲೆ ಪುಡಿ. ಇದು ರುಚಿಗೂ ಬೇಕು, ಕೆಲಸಕ್ಕೂ ಬೇಕು: ಮಂಡಕ್ಕಿಯಲ್ಲಿ ಉಳಿದ ತೇವವನ್ನು ಹೀರಿ ಕಾಳು ಕಾಳು ಬಿಡಿಯಾಗಿ ನಿಲ್ಲುವಂತೆ ಮಾಡುತ್ತದೆ. ಮೇಲೆ ಕೊತ್ತಂಬರಿ ಸೊಪ್ಪು, ನಿಂಬೆರಸ.

ಬಜ್ಜಿಗೆ ಉದ್ದನೆಯ, ಖಾರ ಕಡಿಮೆಯಿರುವ ಮೆಣಸಿನಕಾಯಿ ಸೀಳಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಹಿಟ್ಟಿಗೆ ಸ್ವಲ್ಪ ಓಮ. ಕರಿದ ಬಜ್ಜಿಯ ಹೊಟ್ಟೆ ಬಗೆದು ಹಸಿ ಈರುಳ್ಳಿ ತುಂಬಿ, ನಿಂಬೆ ಹಿಂಡಿ ಕೊಡುವುದೂ ಉಂಟು.

ದಿನಸಿಗೂ ಒಲೆಗೂ ನಂಟು

ಉಗ್ಗಾಣಿಗೆ ಬೇಕಾದ ಸಾಮಾನಿನಲ್ಲಿ ತರಕಾರಿ, ಸೊಪ್ಪು, ನಿಂಬೆ ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ ಅಂಗಡಿಯಲ್ಲೇ ಇರುತ್ತದೆ. ಮಂಡಕ್ಕಿಯಂತೂ ಆಗಲೇ ಬೆಂದ ಪದಾರ್ಥ. ಭತ್ತವನ್ನು ಕುಸುಬಲು ಮಾಡಿ ಅಕ್ಕಿ ತೆಗೆದು, ಉಪ್ಪುನೀರು ಹಾಯಿಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಒಣಗಿದ ಕಡೆ ಇಟ್ಟರೆ ವಾರಗಟ್ಟಲೆ ಕೆಡದು. ಅನ್ನ ಬೇಯುವಷ್ಟು ಸೌದೆಯಾಗಲಿ ಗ್ಯಾಸಾಗಲಿ ಬೇಡ.

ಹಾಗಾಗಿ ಅಂಗಡಿಯವರಿಗೆ ಒಲೆ ಹಲವು ರೀತಿಯಲ್ಲಿ ಲಾಭ. ಮೊದಲನೆಯದು, ಸರಕು ಬೇಗ ತಿರುಗುತ್ತದೆ: ಮೂಟೆ ಬಿಚ್ಚಿದ ಕಡಲೆಹಿಟ್ಟು ಹುಳು ಹಿಡಿಯುವ ಮೊದಲೇ ಬಾಣಲೆಗೆ ಬೀಳುತ್ತದೆ. ಎರಡನೆಯದು, ತಿಂಡಿಗೆ ಬಂದವರು ಅರ್ಧ ಕೆ.ಜಿ. ಬೆಲ್ಲ ಒಯ್ಯುತ್ತಾರೆ, ಬೆಲ್ಲಕ್ಕೆ ಬಂದವರು ಎರಡು ಬಜ್ಜಿ ತಿನ್ನುತ್ತಾರೆ. ಮೂರನೆಯದು, ಬಾಡಿಗೆ ಒಂದೇ, ದುಡಿಯುವ ಕೈಗಳೂ ಮನೆಯವೇ. ಗಂಡ ತಕ್ಕಡಿಯ ಬಳಿ, ಹೆಂಡತಿ ಬಾಣಲೆಯ ಬಳಿ ಇರುವುದು ಈ ಕಡೆ ಸಾಮಾನ್ಯ ನೋಟ.

ಮೆಕ್ಸಿಕನ್ ಅಂಗಡಿಯಲ್ಲಿ

ಅಮೆರಿಕದ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮುಂತಾದ ಕಡೆ ಮೆಕ್ಸಿಕನ್ ಕೂಲಿಕಾರ ಕುಟುಂಬಗಳು ನೆಲೆಸಿದಲ್ಲೆಲ್ಲ ಅವರ ದಿನಸಿ ಅಂಗಡಿಗಳು ಹುಟ್ಟಿಕೊಂಡವು. ಮುಂದೆ ಒಣಮೆಣಸಿನಕಾಯಿ, ರಾಜ್ಮಾದಂಥ ಕಾಳುಗಳು, ಮುಸುಕಿನಜೋಳದ ಹಿಟ್ಟು. ಹಿಂದೆ ಮಾಂಸದ ಕೌಂಟರು, ಅದರ ಪಕ್ಕ ಕಾವಲಿ. ಕೌಂಟರಿನ ಮಾಂಸವೇ ಕಾವಲಿಯ ಮೇಲೆ ಬೆಂದು, ಅಂಗೈಯಗಲದ ಮುಸುಕಿನಜೋಳದ ರೊಟ್ಟಿಯಲ್ಲಿ ಟಾಕೊ ಆಗುತ್ತದೆ. ಮೇಲೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ನಿಂಬೆ, ಖಾರದ ಚಟ್ನಿ. ರಾಯಲಸೀಮೆಯವರಿಗೆ ಈ ಮೇಲೋಗರ ಹೊಸದೇನಲ್ಲ.

ಅಲ್ಲಿನ ರೊಟ್ಟಿಯ ಗುಟ್ಟು ಸುಣ್ಣ. ಮುಸುಕಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬುತ್ತಾರೆ. ಹೀಗೆ ಮಾಡಿದರೆ ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಮುಸುಕಿನಜೋಳವನ್ನು ಮಾತ್ರ ಒಯ್ದು ಈ ಪದ್ಧತಿಯನ್ನು ಒಯ್ಯದ ಯುರೋಪಿನ ಬಡವರಲ್ಲಿ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಯಾಸಿನ್ ಕೊರತೆಯ ಪೆಲಾಗ್ರ ರೋಗ ಹರಡಿತು. ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೋರಂಟ್ಲದ ಬಾಣಲೆಗೂ ಮೆಕ್ಸಿಕೊಗೂ ಹಳೆಯ ಸಂಬಂಧವಿದೆ. ಮೆಣಸಿನಕಾಯಿ, ಟೊಮೆಟೊ ಎರಡನ್ನೂ ಮೊದಲು ಬೆಳೆಸಿ ತಿಂದವರಲ್ಲಿ ಮೆಕ್ಸಿಕೊದ ಜನ ಪ್ರಮುಖರು. ಕಡಲೆಕಾಯಿ ದಕ್ಷಿಣ ಅಮೆರಿಕದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಮೆಣಸಿನಕಾಯಿ ಗೋವಾಕ್ಕೆ ಬರುವವರೆಗೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದುದು ಕರಿಮೆಣಸು, ಹಿಪ್ಪಲಿ, ಶುಂಠಿ.

ವಲಸೆ ಹೋದಲ್ಲೆಲ್ಲ

ಊರು ಬಿಟ್ಟವರಿಗೆ ಮೊದಲು ಬೇಕಾಗುವುದು ತಮ್ಮ ಕಡೆಯ ಸಾಮಾನು, ಆಮೇಲೆ ಅದರ ಅಡುಗೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ವಿಕ್ಸ್ ಚಾಟ್ 1989ರಲ್ಲಿ ಭಾರತೀಯ ದಿನಸಿಯ ಸಗಟು ಮಳಿಗೆಯೊಳಗಿನ ಸಣ್ಣ ತಿಂಡಿ ಕೌಂಟರಾಗಿ ಶುರುವಾಗಿ, ಆಮೇಲೆ ದೊಡ್ಡ ಹೋಟೆಲಾಯಿತು. ಅತ್ತ ಗೋರಂಟ್ಲದ ನೆರೆಯ ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ 2019ರಲ್ಲಿ ಕಾರು ತಯಾರಿಸತೊಡಗಿದ ಹೊತ್ತಿಗೆ, ಕೊರಿಯಾದಿಂದ ಬಂದ ಸಿಬ್ಬಂದಿಗಾಗಿ ಆ ಕಡೆ ಕೊರಿಯನ್ ಊಟದ ಹೋಟೆಲುಗಳು, ಕೊರಿಯನ್ ಲಿಪಿಯ ಬೋರ್ಡುಗಳು ಕಾಣಿಸಿಕೊಂಡವು.

ತಿರುವುಮುರುವಾದ ಉದಾಹರಣೆ ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಸೋದರರ ಜೊತೆ ಕಟ್ಟಿದ ಈ ಹೋಟೆಲು, ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ ನಷ್ಟಕ್ಕೆ ಬಿತ್ತು. ಹೋಟೆಲು ಮುಚ್ಚಿ, ಪಕ್ಕದಲ್ಲಿ ಅಂಗಡಿ ತೆರೆದು ರವೆ ಇಡ್ಲಿಯಂಥ ತಿಂಡಿಗಳ ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರಿದರು. ಹೋಟೆಲು ಆಮೇಲೆ ಮತ್ತೆ ತೆರೆಯಿತು; ಪೊಟ್ಟಣದ ವ್ಯಾಪಾರ ದೇಶವಿಡೀ ಹಬ್ಬಿತು. ಅಂಗಡಿಯಿಂದ ಅಡುಗೆಗೆ ಇರುವ ದಾರಿಯಲ್ಲಿ ಹಿಂದಕ್ಕೂ ನಡೆಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ತಿನ್ನುವವರಿಗೆ ನಾಲ್ಕು ಮಾತು

ಬಾಣಲೆಯ ಎಣ್ಣೆಯನ್ನು ಒಮ್ಮೆ ನೋಡಿ. ಕಪ್ಪಗಾಗಿ, ನೊರೆ ಕಟ್ಟಿ, ಹೊಗೆಯಾಡುತ್ತಿದ್ದರೆ ಅದು ಹಲವು ಸಲ ಕಾದ ಎಣ್ಣೆ. ಮತ್ತೆ ಮತ್ತೆ ಕಾದಾಗ ಎಣ್ಣೆಯಲ್ಲಿ ಹೆಚ್ಚುವ ‘ಒಟ್ಟು ಪೋಲಾರ್ ಅಂಶ’ ಶೇ. 25 ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಬಜ್ಜಿಯನ್ನು ಸುದ್ದಿ ಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಅಚ್ಚಿನ ಶಾಯಿ ಎಣ್ಣೆಗೆ ಬಿಡುತ್ತದೆ, 2016ರಲ್ಲೇ ಪ್ರಾಧಿಕಾರ ಈ ಎಚ್ಚರಿಕೆ ಕೊಟ್ಟಿದೆ. ಮುತ್ತುಗದ ಎಲೆಯೋ ಸ್ಟೀಲ್ ತಟ್ಟೆಯೋ ಕೇಳಿ. ಉಗ್ಗಾಣಿಯನ್ನು ಬಿಸಿಯಿರುವಾಗಲೇ ತಿನ್ನಿ, ಆರಿದರೆ ಬಿರುಸಾಗುತ್ತದೆ.

ಇನ್ನು ಹೊಸ ಊರಿನಲ್ಲಿ ಯಾವ ಅಂಗಡಿಯ ದಿನಸಿ ಚೆನ್ನಾಗಿದೆ ಎಂದು ತಿಳಿಯಬೇಕಾದರೆ, ಒಲೆಯಿರುವ ಅಂಗಡಿಗೇ ಹೋಗಿ ಮೊದಲು ತಿಂಡಿ ತಿನ್ನಿ. ಮುಗ್ಗಿದ ಮಂಡಕ್ಕಿ, ಹಳೆಯ ಕಡಲೆಹಿಟ್ಟು ನಾಲಿಗೆಗೆ ಕೂಡಲೇ ಗೊತ್ತಾಗುತ್ತದೆ. ತಿಂಡಿ ರುಚಿಯಾಗಿದ್ದರೆ ತಿಂಗಳ ಸಾಮಾನಿನ ಚೀಟಿಯನ್ನು ಧೈರ್ಯವಾಗಿ ಅಲ್ಲೇ ಕೊಡಬಹುದು.