ಟೋಪಿಯ ಮರೆಯ ಮುಖ

ನಟಿಯ ಮರಣವನ್ನು ವ್ಯಾಪಾರಕ್ಕಿಟ್ಟರೆಂದು ಚಿತ್ರಸಂಸ್ಥೆಯನ್ನು ದೂಷಿಸುವ ಮುನ್ನ ತಾವು 'ಸರಟೋಗ' ಚಿತ್ರದ ವೃತ್ತಾಂತವನ್ನು ಕೇಳಬೇಕು. ಹಾಲಿವುಡ್ಡಿನ ಪ್ರಖ್ಯಾತ ತಾರೆ ಜೀನ್ ಹಾರ್ಲೊ 1937ರ ಜೂನ್ 7ರಂದು ಮೂತ್ರಪಿಂಡಗಳ ಬೇನೆಯಿಂದ ತೀರಿಕೊಂಡಳು. ಆಗ ಅವಳಿಗೆ 26 ವರ್ಷ. ಕ್ಲಾರ್ಕ್ ಗೇಬಲ್‌ನೊಡನೆ ಅವಳು ನಟಿಸುತ್ತಿದ್ದ ಈ ಚಿತ್ರ ಬಹುಪಾಲು ಮುಗಿದಿತ್ತು. ಕೆಲವು ದೃಶ್ಯಗಳಷ್ಟೇ ಉಳಿದಿದ್ದವು.

ಎಂ.ಜಿ.ಎಂ. ಸಂಸ್ಥೆಯವರು ಮೊದಲು ಯೋಚಿಸಿದ್ದು ಅವಳ ಭಾಗವನ್ನೆಲ್ಲ ಬದಿಗಿಟ್ಟು, ಬೇರೊಬ್ಬ ನಟಿಯಿಂದ ಹೊಸದಾಗಿ ತೆಗೆಯಬೇಕೆಂದು. ಖರ್ಚಿನ ಮಾತು ಹಾಗಿರಲಿ, ಮರ್ಯಾದೆಯ ದಾರಿ ಅದೇ ಎಂದು ನಮಗೂ ತೋರುತ್ತದೆ. ಒಪ್ಪದವರು ಪ್ರೇಕ್ಷಕರು! ಅವಳ ಕೊನೆಯ ಅಭಿನಯವನ್ನು ನಮಗೆ ತೋರಿಸಿ ಎಂದು ಅಭಿಮಾನಿಗಳೇ ಒತ್ತಾಯ ಹಿಡಿದರು.

ಉಳಿದ ದೃಶ್ಯಗಳಿಗೆ ಮೇರಿ ಡೀಸ್ ಎಂಬಾಕೆಯನ್ನು ಕರೆತಂದರು. ಅಗಲ ಅಂಚಿನ ಟೋಪಿ, ಕಣ್ಣಿಗೆ ಹಿಡಿದ ದುರ್ಬೀನು, ಕ್ಯಾಮರಾಕ್ಕೆ ತಿರುಗಿಸಿದ ಬೆನ್ನು, ಹೀಗೆ ಮುಖವನ್ನು ಮರೆಸಿದ್ದಾಯಿತು. ಕುದುರೆ ಪಂದ್ಯದ ಕಥೆ. ದುರ್ಬೀನು ಹೇಗೋ ಹೊಂದಿಕೊಂಡಿತೆನ್ನಿ. ಕಂಠ ಮಾತ್ರ ಪಾಲಾ ವಿನ್‌ಸ್ಲೋ ಎಂಬ ರೇಡಿಯೋ ನಟಿಯದು. ಕಾಣದೆಯೇ ಪಾತ್ರವಾಗುವುದು ಬಾನುಲಿಯವರಿಗೆ ಹೊಸದಲ್ಲವಷ್ಟೆ!

ಜುಲೈ 23ರಂದು, ಅವಳು ತೀರಿ ಏಳು ವಾರ ತುಂಬುವ ಮೊದಲೇ, ಚಿತ್ರ ಬಿಡುಗಡೆಯಾಯಿತು. ಆ ವರ್ಷ ಹೆಚ್ಚು ಹಣ ಗಳಿಸಿದ ಚಿತ್ರಗಳಲ್ಲಿ ಅದೂ ಒಂದು. ಜನ ಕೇಳಿದ್ದನ್ನೇ ಸಂಸ್ಥೆ ಕೊಟ್ಟಿತು, ನಿಜ. ಆದರೆ ಅವಳಾರು, ಇವಳಾರು ಎಂದು ಹುಡುಕುವ ಕಣ್ಣು ಕಥೆಯ ಮೇಲೆ ನಿಲ್ಲುವುದೆಂತು? ನಗಿಸಲೆಂದೇ ತೆಗೆದ ಚಿತ್ರವದು. ಇಂದು ನೋಡಿದರೂ ಆ ಟೋಪಿಯ ಅಂಚು ಕೆಳಗಿಳಿದೊಡನೆ ನಗು ಅರ್ಧಕ್ಕೇ ನಿಂತುಬಿಡುತ್ತದೆ.